ತುಂಬಿದ್ದ ಎಣ್ಣೆ ಬಟ್ಟಲು

ಮೂರು ವರ್ಷದ ಹಿಂದಿನ ಜನವರಿ. ನಾನಾಗ ರೈಲ್ವೆಯಲ್ಲಿ ಲೋಕೋ ಇನ್ಸ್‌ಪೆಕ್ಟರ್, ನಿವೃತ್ತಿಗೆ ನಾಲ್ಕು ತಿಂಗಳು ಬಾಕಿ ಇತ್ತು. ಲೋಕೋ ಇನ್ಸ್‌ಪೆಕ್ಟರ್ ಎಂದರೆ ಡ್ರೈವರುಗಳ ಮೇಷ್ಟ್ರು ಎಂದುಕೊಳ್ಳಿ. ಅವರ ಪಕ್ಕ ನಿಂತು ಓಡಾಟ ನೋಡುವುದು, ತಪ್ಪಿದ್ದರೆ ತಿದ್ದುವುದು, ಎಂಜಿನ್ ದಾರಿಯಲ್ಲಿ ಕೈಕೊಟ್ಟರೆ ಕಾರಣ ಬರೆದು ಮೇಲಕ್ಕೆ ಕಳಿಸುವುದು. ಸ್ಟೀಮ್ ಎಂಜಿನ್ನಿನ ಕೊನೆಗಾಲದಲ್ಲಿ ನಾಲ್ಕು ವರ್ಷ ಫೈರ್‌ಮನ್ ಆಗಿ ಕಲ್ಲಿದ್ದಲು ಎಸೆದವನು ನಮ್ಮ ಕಚೇರಿಯಲ್ಲಿ ನಾನೊಬ್ಬನೇ ಉಳಿದಿದ್ದೆ. ಹಾಗಾಗಿ ದುರಸ್ತಿಯಾಗಿ ಬಂದ ಹಳೆಯ ಸ್ಟೀಮ್ ಎಂಜಿನ್ನಿನ ವಿಹಾರ ರೈಲು ನನ್ನ ಕೊರಳಿಗೆ ಬಿತ್ತು.

ಐದು ಬೋಗಿ, ಒಂದು ಭಾನುವಾರ, ಕಡೂರಿನಿಂದ ಬೀರೂರು ದಾಟಿ ಅಜ್ಜಂಪುರಕ್ಕೆ ಹೋಗಿ ಬರುವುದು. ವೇಗ ಗಂಟೆಗೆ ಮೂವತ್ತು ಕಿಲೋಮೀಟರು ಮೀರಬಾರದು. ಹಿಂದುಗಡೆ ಒಂದು ಡೀಸೆಲ್ ಎಂಜಿನ್ ಇರುತ್ತದೆ, ಆದರೆ ಸುಮ್ಮನೆ ಜೊತೆಗೆ ಬರುತ್ತದೆ, ಎಳೆಯುವುದಿಲ್ಲ. ನಮ್ಮ ಹಿರಿಯ ಅಧಿಕಾರಿಗಳು ಮೊದಲೇ ಹೇಳಿದ್ದರು: ಇದು ಪರೀಕ್ಷೆ, ಎಂಜಿನ್ ವಯಸ್ಸಾಗಿ ದಾರಿಯಲ್ಲಿ ನಿಂತರೆ ಮತ್ತೆ ಓಡಿಸುವ ಮಾತಿಲ್ಲ, ಕಚೇರಿ ಮುಂದೆ ಕಟ್ಟೆ ಕಟ್ಟಿ ನಿಲ್ಲಿಸುತ್ತೇವೆ. ಕಟ್ಟೆ ಹತ್ತಿದ ಎಂಜಿನ್ ಕೆಳಗಿಳಿದದ್ದನ್ನು ನಾನು ಕಂಡಿಲ್ಲ. ವರ್ಷಕ್ಕೊಮ್ಮೆ ಬಣ್ಣ ಬಳಿಯುತ್ತಾರೆ, ಒಳಗೆ ಗುಬ್ಬಿ ಗೂಡು ಕಟ್ಟುತ್ತದೆ, ಅಷ್ಟೇ.

ಆ ದಿನ ಬೆಳಿಗ್ಗೆ ಆರೂವರೆಗೆ ಕಡೂರು ಸ್ಟೇಷನ್ನಿಗೆ ಹೋದರೆ ಜಾತ್ರೆ ನೆರೆದಿತ್ತು. ಬೆಂಗಳೂರು, ಹುಬ್ಬಳ್ಳಿ, ಪೂನಾ ಕಡೆಯಿಂದ ಬಂದ ರೈಲು ಅಭಿಮಾನಿಗಳು. ಮೊಣಕೈಯುದ್ದದ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಕಾಲರಿನಲ್ಲಿ ಎಂಜಿನ್ ಆಕಾರದ ಪಿನ್ನು. ಇಂಥವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅನ್ನ ತಿನ್ನುವುದು ರೈಲಿನಿಂದ ನಾವು, ಹುಚ್ಚು ಹಿಡಿಯುವುದು ಇವರಿಗೆ. ಆದರೂ ಒಪ್ಪಿಕೊಳ್ಳಬೇಕು, ಆ ಹುಚ್ಚಿನಲ್ಲಿ ಒಂದು ಶ್ರದ್ಧೆ ಇತ್ತು. ಅರವತ್ತು ದಾಟಿದವರೊಬ್ಬರು ಎಂಜಿನ್ನಿನ ಚಕ್ರ ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನು ನಗಲಿಲ್ಲ.

ಆ ಗುಂಪಿನಲ್ಲಿ ಕ್ಯಾಮೆರಾ ಇಲ್ಲದ ಹೆಂಗಸೊಬ್ಬರಿದ್ದರು. ಐವತ್ತರ ಆಸುಪಾಸು, ಹತ್ತಿ ಸೀರೆ, ಮೇಲೊಂದು ಸ್ವೆಟರು, ಕೈಯಲ್ಲಿ ಮೊಬೈಲು. ಎಂಜಿನ್ನಿಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ ನಿಂತಿದ್ದರು. ಎಲ್ಲರೂ ನೋಡಲು ಬಂದಿದ್ದರೆ ನೀವೇನು ಹೀಗೆ ಎಂದು ಕೇಳಿದೆ.

"ನೋಡಾಕಲ್ಲ ಸಾರ್, ನಾನು ಕೇಳಾಕ್ ಬಂದಿರೋದು. ಹಿರೇನಲ್ಲೂರಲ್ಲಿ ನಂದು ಹಿಟ್ಟಿನ ಗಿರಣಿ ಐತೆ. ಸರೋಜಮ್ಮ ಅಂತ. ಇಂಜಿನ್ ಸದ್ದೆಲ್ಲ ರೆಕಾರ್ಡ್ ಮಾಡ್ಕೊಂಡು ಗಿರಣೀಲಿ ಹಾಕ್ಕೊಂತೀನಿ."

ಗಿರಣಿಯ ಗಲಾಟೆ ಸಾಲದೆಂದು ಎಂಜಿನ್ ಗಲಾಟೆ ಬೇರೆ ಎಂದು ಮನಸ್ಸಿನಲ್ಲೇ ನಕ್ಕು ನನ್ನ ಕೆಲಸಕ್ಕೆ ಹೋದೆ.

ಇಲ್ಲಿ ಸ್ವಲ್ಪ ವಿವರ ಹೇಳಬೇಕು. ಸ್ಟೀಮ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವುದು ಕನೆಕ್ಟಿಂಗ್ ರಾಡ್ ಎಂಬ ಉದ್ದನೆಯ ಉಕ್ಕಿನ ತೋಳು. ಅದು ಚಕ್ರಕ್ಕೆ ಸೇರುವ ಜಾಗ ಬಿಗ್ ಎಂಡ್. ಅಲ್ಲಿರುವ ಬೇರಿಂಗಿಗೆ ಎಣ್ಣೆ ಇಳಿಯಲು ಮೇಲೊಂದು ಪುಟ್ಟ ಬಟ್ಟಲಿರುತ್ತದೆ, ಅದರ ಬಾಯಿಗೆ ಕಾರ್ಕಿನ ಬಿರಡೆ. ಎಣ್ಣೆ ನಿಂತರೆ ಬೇರಿಂಗ್ ಕಾದು ಕರಗುತ್ತದೆ. ಹಾಗೆಯೇ ಓಡಿಸಿದರೆ ರಾಡು ಮುರಿದು ಏನು ಬೇಕಾದರೂ ಆಗಬಹುದು.

ಆ ಬೆಳಿಗ್ಗೆ ಎಣ್ಣೆ ಹಾಕುವಾಗ ಎಡಗಡೆಯ ಬಿರಡೆ ನನ್ನ ಕೈಯಲ್ಲೇ ಪುಡಿಯಾಯಿತು. ಬದಲಿ ಇರಲಿಲ್ಲ. ಒಂದು ದೊಡ್ಡ ಬಾಟಲಿಯ ಕಾರ್ಕ್ ತರಿಸಿ, ಚಾಕುವಿನಲ್ಲಿ ಕೆತ್ತಿ ನಾನೇ ಹೊಸದು ಮಾಡಿ ಒತ್ತಿದೆ. ಅಳತೆ ತೆಗೆದಂತೆ ಕೂತಿತು. ಹಳೆಯದರ ನಡುವೆ ಬೆತ್ತದ ಒಂದು ಚೂರು ಸಿಕ್ಕಿಸಿತ್ತು. ಅದು ಕಾರ್ಕ್ ಬಿರುಕು ಬಿಡದಿರಲೆಂದು ಎಂದು ಫೈರ್‌ಮನ್ ಕಾಲದಿಂದಲೂ ನಂಬಿದ್ದೆ, ಯಾರನ್ನೂ ಕೇಳಿರಲಿಲ್ಲ. ನನ್ನ ಹೊಸ ಕಾರ್ಕ್ ಗಟ್ಟಿಯಾಗಿತ್ತು, ಬೆತ್ತ ಯಾಕೆ ಎಂದು ಬಿಟ್ಟೆ.

"ಏನ್ ಕೈಗುಣ ಸಾರ್ ನಿಮ್ದು," ಎಂದ ಡ್ರೈವರ್ ರುದ್ರೇಶ. ನಾನು ಉಬ್ಬಿಹೋದೆ.

ಒಂಬತ್ತಕ್ಕೆ ಹೊರಟೆವು. ಕಡೂರು ಬಿಟ್ಟ ಆ ಘಳಿಗೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಮೂವತ್ತು ವರ್ಷ ಡೀಸೆಲ್, ಎಲೆಕ್ಟ್ರಿಕ್ ಎಂಜಿನ್ನುಗಳಲ್ಲಿ ನಿಂತು ಮರಗಟ್ಟಿದ್ದ ಮೈಗೆ ಆ ಬಿಸಿ, ಆ ಹೊಗೆಯ ವಾಸನೆ ಸೋಕಿದ್ದೇ ತಡ, ನನಗೆ ಇಪ್ಪತ್ತಮೂರು ವಯಸ್ಸಾಯಿತು. ತೆಂಗಿನ ತೋಟದ ಬದುಗಳ ಮೇಲೆ ಜನ ಸಾಲುಗಟ್ಟಿ ನಿಂತಿದ್ದರು. ಸಂತೋಷವನ್ನು ಮುಚ್ಚಿಡಲಾಗದೆ ಸುಮ್ಮಸುಮ್ಮನೆ ಶಿಳ್ಳೆ ಹಾಕಿಸಿದೆ.

ಬೀರೂರಿನಲ್ಲಿ ಇಪ್ಪತ್ತು ನಿಮಿಷ ನಿಲುಗಡೆ. ಇಳಿದು ಬಿಗ್ ಎಂಡುಗಳನ್ನು ಅಂಗೈ ಹಿಂಬದಿಯಿಂದ ಮುಟ್ಟಿ ನೋಡಬೇಕು, ಅದು ನಿಯಮ. ಬಲಗಡೆ ಮುಟ್ಟಿದೆ, ಬೆಚ್ಚಗಿತ್ತು, ಸರಿಯಾಗಿತ್ತು. ಎಡಗಡೆ ಸೆಲ್ಫಿಯವರು ಮುತ್ತಿಕೊಂಡಿದ್ದರು. ಮೇಲೆ ಇಪ್ಪತ್ತೈದು ಸಾವಿರ ವೋಲ್ಟಿನ ತಂತಿ, ಕೆಳಗೆ ಕೋಲಿಗೆ ಮೊಬೈಲು ಕಟ್ಟಿ ಎತ್ತುವ ಜನ. ಅವರನ್ನು ಗದರಿ ಅಟ್ಟುವುದರಲ್ಲಿ ಸಮಯ ಹೋಯಿತು. ಅವಸರದಲ್ಲಿ ಬಿರಡೆ ಕಿತ್ತು ಬಟ್ಟಲಿಗೆ ಇಣುಕಿದೆ. ಎಣ್ಣೆ ಹೆಚ್ಚುಕಡಿಮೆ ಕಂಠಮಟ್ಟ ಇತ್ತು.

"ನೋಡೋ ರುದ್ರೇಶ, ಎಣ್ಣೆ ಇಳಿದೇ ಇಲ್ಲ. ಎಂಥ ಸಾಧು ಎಂಜಿನ್ನು," ಎಂದೆ. ಮುಟ್ಟಿ ನೋಡದೆ ಬಿರಡೆ ಒತ್ತಿ ಹತ್ತಿಕೊಂಡೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಬೀರೂರಿನಿಂದ ಹತ್ತು ಕಿಲೋಮೀಟರು ದಾಟಿದ ಮೇಲೆ, ಒಂದು ಚಿಕ್ಕ ಸ್ಟೇಷನ್ನಿನಲ್ಲಿ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ನಮ್ಮನ್ನು ಪಕ್ಕದ ಹಳಿಗೆ ಹಾಕಿ ನಿಲ್ಲಿಸಿದರು. ಅಷ್ಟರಲ್ಲಿ ಸ್ಕೂಟರು ನಿಲ್ಲಿಸಿ ಓಡೋಡಿ ಬಂದವರು ಸರೋಜಮ್ಮ. ಬೀರೂರಿನಲ್ಲಿ ಅನುಮಾನ ಬಂದು, ರೈಲಿಗಿಂತ ಮುಂದೆ ಹೋಗಿ ರೈಲ್ವೆ ಗೇಟಿನ ಹತ್ತಿರ ನಿಂತು ಮತ್ತೆ ಕೇಳಿದ್ದರಂತೆ.

"ಸಾರ್, ಎಡಗಡೆ ಏನೋ ಬಡೀತೈತೆ. ಚಕ್ರ ತಿರುಗ್ದಾಗೆಲ್ಲ ಟಕ್ ಅಂತೈತೆ."

"ಹಳೇ ಎಂಜಿನ್ ಕಣಮ್ಮ, ನೂರು ಸದ್ದು ಬರುತ್ತೆ," ಎಂದೆ. ಹಿತ್ತಲ ಗಿಡ ಮದ್ದಲ್ಲವಲ್ಲ. ಇದನ್ನೇ ದೊಡ್ಡ ಕ್ಯಾಮೆರಾದವರು ಇಂಗ್ಲಿಷಿನಲ್ಲಿ ಹೇಳಿದ್ದರೆ ಕೆಳಗಿಳಿಯುತ್ತಿದ್ದೆನೋ ಏನೋ.

ಅವರು ವಾದ ಮಾಡಲಿಲ್ಲ. ಮೊಬೈಲನ್ನು ನನ್ನ ಕಿವಿಗೆ ಹಿಡಿದರು. "ಇದು ಕಡೂರಲ್ಲಿ," ಎಂದರು. ಎಂಜಿನ್ನಿನ ನಾಲ್ಕು ಉಸಿರು, ಒಂದೇ ಸಮ. "ಇದು ಈಗ ಗೇಟಲ್ಲಿ." ಅದೇ ಉಸಿರುಗಳ ಮಧ್ಯೆ ಒಣ ಕಟ್ಟಿಗೆಗೆ ಸುತ್ತಿಗೆ ತಾಗಿದ ಹಾಗೆ ಒಂದು ಟಕ್.

ಇಳಿದು ಎಡಗಡೆಯ ಬಿಗ್ ಎಂಡ್ ಮುಟ್ಟಿದೆ, ಮುಟ್ಟಿದ ಕೈ ಹಾಗೇ ಹಿಂದಕ್ಕೆ ಬಂತು. ಬೆರಳು ಚುರುಗುಟ್ಟಿತು, ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ಬಿರಡೆ ಎಳೆದರೆ ಬರಲೊಲ್ಲದು. ತಿರುಚಿ ಕಿತ್ತಾಗ ಒಳಕ್ಕೆ ಗಾಳಿ ಎಳೆದುಕೊಂಡು ಉಸ್ ಎಂದಿತು. ಬಟ್ಟಲು ಆಗಲೂ ತುಂಬಿತ್ತು. ಇಷ್ಟು ದೂರ ಓಡಿ ಬಂದಿದೆ, ಎಣ್ಣೆ ಖರ್ಚೇ ಆಗಿಲ್ಲ.

ಪಕ್ಕದಲ್ಲಿ ನಿಂತಿದ್ದ ಸರೋಜಮ್ಮ ನನ್ನ ಕೈಯಲ್ಲಿದ್ದ ಕಾರ್ಕ್ ನೋಡಿ ನಿಧಾನವಾಗಿ ಹೇಳಿದರು. "ಎಣ್ಣೆ ಟಿನ್ನಿಗೆ ಎರಡು ತೂತು ಹೊಡೀತೀವಲ್ಲ ಸಾರ್, ಒಂದು ಎಣ್ಣೆಗೆ, ಒಂದು ಗಾಳಿಗೆ. ಗಾಳಿ ಹೋಗ್ದೆ ಎಣ್ಣೆ ಹೆಂಗೆ ಇಳೀತದೆ?"

ಆ ಬೆತ್ತದ ಚೂರು ಇದ್ದದ್ದು ಅದಕ್ಕೆ. ಬೆತ್ತದೊಳಗಿನ ಸೂಕ್ಷ್ಮ ರಂಧ್ರಗಳಿಂದ ಗಾಳಿ ಒಳಗೆ ಹೋಗುತ್ತದೆ, ಎಣ್ಣೆ ಹೊರಗೆ ಚೆಲ್ಲುವುದಿಲ್ಲ. ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದು ಮೂವತ್ತೇಳು ವರ್ಷ ಸರ್ವಿಸಿನ ನನಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ.

ರುದ್ರೇಶ ಹತ್ತಿರ ಬಂದು ದನಿ ತಗ್ಗಿಸಿದ. "ಸಾರ್, ಅಜ್ಜಂಪುರ ಇನ್ನೇನು ಹತ್ ಕಿಲೋಮೀಟರ್ರು. ಎಣ್ಣೆ ಬಿಟ್ಕೊಂಡು ಮೆಲ್ಲಗೆ ತೆವಳಿಸ್ಬಿಡ್ತೀನಿ. ಡೀಸೆಲ್ ಎಳೀತು ಅಂದ್ರೆ ಇದನ್ನ ಕಟ್ಟೆ ಹತ್ತಿಸ್ಬಿಡ್ತಾರೆ."

ಅವನ ಕಣ್ಣಲ್ಲಿ ನೀರಿತ್ತು. ಸುತ್ತ ನಿಂತ ಅಭಿಮಾನಿಗಳೂ ಹೋಗೋಣ ಎಂದರು. ನನಗೂ ಹಾಗೇ ಅನ್ನಿಸುತ್ತಿತ್ತು. ಸರೋಜಮ್ಮನನ್ನು ಕೇಳಿದೆ, ನಿಮ್ಮ ಗಿರಣಿಯಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು.

"ಬೆಲ್ಟ್ ಬಿಚ್ಚಾಕ್ತಿದ್ದೆ ಸಾರ್. ಈ ಇಂಜಿನ್ ಓಡೋದು ನೋಡ್ಬೇಕು ಅಂತ ನಂಗೂ ಐತೆ. ಆದ್ರೆ ನೋವಾಗ್ತೈತೆ ಅಂತ ಅದು ಬಡ್ಕೊತಾ ಐತಲ್ಲ."

ಓಟವನ್ನು ಅಲ್ಲಿಗೇ ನಿಲ್ಲಿಸಿದೆ. ಬೆಂಕಿ ತಗ್ಗಿಸಿ, ಬೇರಿಂಗಿಗೆ ಎಣ್ಣೆ ಉಣಿಸಿ, ಎರಡು ಗಂಟೆ ಆರಲು ಬಿಟ್ಟೆವು. ಆಮೇಲೆ ಡೀಸೆಲ್ ಎಂಜಿನ್ ಹಿಂದಿನಿಂದ ಆಮೆ ವೇಗದಲ್ಲಿ ದಬ್ಬಿಕೊಂಡು ಅಜ್ಜಂಪುರ ಮುಟ್ಟಿಸಿತು. ಬುಕ್ಕಾಂಬುಧಿಯಿಂದ ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದವರೆಲ್ಲ ಪ್ಲಾಟ್‌ಫಾರಮ್ಮಿನಲ್ಲಿ ಕಾದು ನಿಂತಿದ್ದರು. ಎಂಜಿನ್ ಉಸಿರಿಲ್ಲದೆ ಬಂತು. "ಪಾಪ, ವಯಸ್ಸಾಯ್ತು ಕಣ್ರೀ ಅದಕ್ಕೆ," ಎಂದರು ಒಬ್ಬ ಮುದುಕರು. ಆ ಮಾತು ನನ್ನನ್ನು ಇರಿಯಿತು.

ಮಾರನೆಯ ದಿನ ಹಿರಿಯ ಅಧಿಕಾರಿಗಳ ಮುಂದೆ ಕೂತೆ. ಅವರು ಒಳ್ಳೆಯ ಮನುಷ್ಯರು. ವರದಿಯ ಹಾಳೆಯನ್ನು ನನ್ನ ಕಡೆ ಸರಿಸಿ, "ಕಾರಣ ಅನ್ನೋ ಕಡೆ 'ಬೇರಿಂಗ್ ಹಳತಾಗಿತ್ತು' ಅಂತ ಬರೆದುಬಿಡಿ. ಯಾರಿಗೂ ತೊಂದರೆ ಇಲ್ಲ. ನಾಲ್ಕು ತಿಂಗಳಿಗೆ ಹಾರ ಹಾಕಿಸ್ಕೊಂಡು ಹೋಗೋರು ನೀವು," ಎಂದರು.

ತೊಂದರೆ ಆಗುವುದಿತ್ತು, ಎಂಜಿನ್ನಿಗೆ. ಹಳತಾಗಿತ್ತು ಎಂದು ನಾನು ಬರೆದ ಕ್ಷಣಕ್ಕೆ ಅದು ಕಟ್ಟೆಗೆ ಹೋಗುತ್ತದೆ. ಹಾಗೆಂದು ಸತ್ಯ ಬರೆಯುವ ಧೈರ್ಯವೂ ನನಗಿರಲಿಲ್ಲ. ಕಳಂಕವಿಲ್ಲದ ಸರ್ವಿಸ್ ಎಂದು ಮನೆಯಲ್ಲಿ, ನೆಂಟರಲ್ಲಿ ಜಂಬ ಕೊಚ್ಚಿಕೊಂಡವನು ನಾನು. ಹತ್ತು ನಿಮಿಷ ಪೆನ್ನು ಹಿಡಿದು ಕೂತಿದ್ದೆ. ಆಮೇಲೆ ಬರೆದೆ: ಗಾಳಿಗೆ ದಾರಿಯಿಲ್ಲದ ಬಿರಡೆಯನ್ನು ಹಾಕಿದವನು ನಾನು. ಬೀರೂರಿನಲ್ಲಿ ಬಟ್ಟಲು ತುಂಬಿದ್ದನ್ನು ಕಂಡೂ ಅರ್ಥ ಮಾಡಿಕೊಳ್ಳದವನು, ಬೇರಿಂಗ್ ಮುಟ್ಟದೆ ಹೊರಡಿಸಿದವನು ನಾನು. ಎಂಜಿನ್ನಿನದು ತಪ್ಪಿಲ್ಲ. ಹಿರೇನಲ್ಲೂರಿನ ಗಿರಣಿಯ ಒಡತಿ ಸರೋಜಮ್ಮ ಎಚ್ಚರಿಸದಿದ್ದರೆ ಅನಾಹುತವಾಗುತ್ತಿತ್ತು.

ಅಧಿಕಾರಿಗಳು ಎರಡು ಸಲ ಓದಿದರು. "ಇದರಿಂದ ನಿಮಗೇನಾಗುತ್ತೆ ಗೊತ್ತಲ್ಲ?" ಎಂದರು. ಗೊತ್ತು ಎಂದೆ. ಎಚ್ಚರಿಕೆ ಪತ್ರ ಬಂತು, ನನ್ನ ದಾಖಲೆಗೆ ಸೇರಿತು. ಬೀಳ್ಕೊಡುಗೆಯ ದಿನ ಭಾಷಣದಲ್ಲಿ 'ನಿಷ್ಕಳಂಕ' ಎಂಬ ಪದವನ್ನು ಎಲ್ಲರೂ ಹುಷಾರಾಗಿ ಬಿಟ್ಟರು. ನೋವಾಯಿತು, ಸುಳ್ಳೇಕೆ ಹೇಳಲಿ.

ಆದರೆ ಎಂಜಿನ್ ಕಟ್ಟೆ ಹತ್ತಲಿಲ್ಲ. ಬೇರಿಂಗಿಗೆ ಹೊಸ ಲೋಹ ಎರೆದರು, ಹೊಸ ಬಿರಡೆಗಳನ್ನು ಬೆತ್ತದ ಸಮೇತ ಮಾಡಿಸಿದರು. ಮಳೆಗಾಲ ಕಳೆದ ಮೇಲೆ ಅದೇ ದಾರಿಯಲ್ಲಿ ಮತ್ತೆ ಬಿಟ್ಟರು. ಆಗ ನಾನು ಮಾಜಿ. ಅಜ್ಜಂಪುರದ ಪ್ಲಾಟ್‌ಫಾರಮ್ಮಿನಲ್ಲಿ ಸರೋಜಮ್ಮನ ಪಕ್ಕ, ನಾನು ಮೂಗು ಮುರಿಯುತ್ತಿದ್ದ ಅದೇ ಅಭಿಮಾನಿಗಳ ನಡುವೆ ನೂಕಿಸಿಕೊಂಡು ನಿಂತಿದ್ದೆ. ಎಂಜಿನ್ ತನ್ನ ಉಸಿರಿನಲ್ಲೇ ಬಂತು. ನನ್ನ ಜಾಗಕ್ಕೆ ಬಂದ ಇನ್ಸ್‌ಪೆಕ್ಟರ್ ಇಳಿದು ಎಡಗಡೆಯ ಬಿಗ್ ಎಂಡನ್ನು ಮುಟ್ಟಿ ನೋಡಿ, ಬಿರಡೆ ತೆಗೆದು ಬೇಸರದಿಂದ ಡ್ರೈವರಿಗೆ ಕೂಗಿ ಹೇಳಿದರು, ಅರ್ಧ ಬಟ್ಟಲು ಖಾಲಿಯಾಗಿದೆ, ಮತ್ತೆ ತುಂಬಬೇಕು ಎಂದು.

"ಕುಡೀತೈತೆ ಬಿಡಿ ಸಾರ್," ಎಂದರು ಸರೋಜಮ್ಮ.

ನೌಕರಿ ನನಗೆ ಕಲಿಸಿದ್ದು ಇಷ್ಟು: ಯಂತ್ರ ತನ್ನ ನೋವನ್ನು ಸದ್ದು ಮಾಡಿ ಹೇಳಬಲ್ಲದು, ತಪ್ಪು ಯಾರದೆಂದು ಹೇಳಲಾರದು. ಅದನ್ನು ನಾವೇ ಬರೆಯಬೇಕು, ಬರೆಯುವ ಹೆಸರು ನಮ್ಮದೇ ಆದರೂ.