ಹುಡುಗಿಯರ ಬೆಂಚಿನ ಶಿಕ್ಷೆ

ಶಾಲೆಯಲ್ಲಿ ಬೆತ್ತ ಮುಟ್ಟಬಾರದೆಂದು ಆದೇಶ ಬಂದ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ಸೂತಕದ ಕಳೆ. ನಾನು ಮಾತ್ರ ಕಂಗೆಡಲಿಲ್ಲ. ನನ್ನ ಹತ್ತಿರ ಕೈನೋಯದ, ಪರಮ ಅಹಿಂಸೆಯ ಶಿಕ್ಷೆಯೊಂದಿತ್ತು: ಗಲಾಟೆ ಮಾಡಿದ ಹುಡುಗನನ್ನು ಎಬ್ಬಿಸಿ ಹುಡುಗಿಯರ ಬೆಂಚಿನಲ್ಲಿ ಕೂರಿಸುವುದು. ನೀವೂ ಓದುವಾಗ ಇದನ್ನು ಅನುಭವಿಸಿದ್ದೀರಿ, ಇಲ್ಲವೇ ನೋಡಿ ನಕ್ಕಿದ್ದೀರಿ, ಸುಳ್ಳು ಹೇಳಬೇಡಿ. ಹುಡುಗಿಯ ಪಕ್ಕ ಕೂರುವುದು ಶಿಕ್ಷೆ ಹೇಗಾಯಿತು, ಪಾಪ, ಆ ಹುಡುಗಿಗೆ ಅದು ಯಾವ ತಪ್ಪಿಗೆ ಎಂದು ನಾನು ಕೇಳಿಕೊಳ್ಳಲಿಲ್ಲ. ಬಿ.ಎಡ್.ನಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ.

ನನ್ನದು ಹರಿಹರ. ನಮ್ಮೂರ ದೇವರ ಮೈ ಅರ್ಧ ಹರಿ, ಅರ್ಧ ಹರ. ಈ ದೇವರು ನಿಜವಾಗಿ ಯಾವ ಕಡೆಯವನು ಎಂದು ಯಾರೂ ತಕರಾರು ತೆಗೆದದ್ದನ್ನು ನಾನು ಕೇಳಿಲ್ಲ. ಹರಿ ಮೋಹಿನಿಯಾದದ್ದು, ಹರ ಅವಳ ಹಿಂದೆ ಓಡಿದ್ದು, ಎಲ್ಲವನ್ನೂ ಪುರಾಣದವರು ರಸವತ್ತಾಗಿ ಹೇಳುತ್ತಾರೆ, ನಾವು ತಲೆದೂಗುತ್ತೇವೆ. ನಾನೂ ಬೆಳಿಗ್ಗೆ ಆ ದೇವರಿಗೆ ಕೈಮುಗಿದು ಬಸ್ಸು ಹತ್ತಿ, ದಾವಣಗೆರೆಯಲ್ಲಿ ಇಳಿದು, ಎಡಕ್ಕೆ ಹುಡುಗರು, ಬಲಕ್ಕೆ ಹುಡುಗಿಯರು, ನಡುವೆ ಎತ್ತಿನಗಾಡಿ ಹೋಗುವಷ್ಟು ಜಾಗ ಬಿಟ್ಟು ಪಾಠ ಶುರುಮಾಡುತ್ತಿದ್ದೆ.

ಕಳೆದ ವರ್ಷ ನಮಗೊಂದು ತರಬೇತಿಯಾಯಿತು. ಎಲ್ಲ ಹುಡುಗರೂ ಹುಡುಗಿಯರನ್ನೇ ಇಷ್ಟಪಡುತ್ತಾರೆಂದು ತಿಳಿಯಬೇಡಿ, ಹುಡುಗರನ್ನು ಇಷ್ಟಪಡುವ ಹುಡುಗರೂ ನಿಮ್ಮ ತರಗತಿಯಲ್ಲಿ ಇರುತ್ತಾರೆ, ಅವರನ್ನು ಹೀಯಾಳಿಸಬೇಡಿ ಎಂದು ತರಬೇತಿ ಕೊಡಲು ಬಂದವರು ವಿವರಿಸಿದರು. ನಾವು ಮಂಡಕ್ಕಿ ಮಿರ್ಚಿ ತಿನ್ನುತ್ತ ಶ್ರದ್ಧೆಯಿಂದ ಕೇಳಿದೆವು. ಗಣಿತದ ಮೇಷ್ಟ್ರು ಎದ್ದು ನಿಂತು, ನಮ್ಮ ಶಾಲೆಯಲ್ಲಿ ಅಂಥವರು ಯಾರೂ ಇಲ್ಲ ಎಂದು ಘೋಷಿಸಿದರು. ಹಾಜರಿ ಪುಸ್ತಕ ಅವರ ಬಳಿಯೇ ಇರುವುದರಿಂದ ನಂಬಿದೆವು. ಸಹಿ ಹಾಕಿ ಮನೆಗೆ ಬಂದೆವು.

ಅದಾದ ವಾರಕ್ಕೆ ಹತ್ತನೇ ತರಗತಿಯ ಕೊಟ್ರೇಶ ಪಾಠದ ನಡುವೆ ಮಾತಾಡಿ ಸಿಕ್ಕಿಬಿದ್ದ. (ಹೆಸರು, ಗುರುತು ಬದಲಿಸಿದ್ದೇನೆ, ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ.) ನನ್ನ ಶಿಕ್ಷೆ ಜಾರಿಯಾಯಿತು. ಬೇರೆಯವರಾದರೆ ನಾಚಿ ನೀರಾಗುತ್ತಿದ್ದರು. ಇವನು ಬ್ಯಾಗು ಎತ್ತಿಕೊಂಡು ಹೋಗಿ ಹುಡುಗಿಯರ ನಡುವೆ ಆರಾಮಾಗಿ ಕೂತು ಪುಸ್ತಕ ತೆರೆದ. ಶಿಕ್ಷೆ ತಾಗಲಿಲ್ಲವಲ್ಲ ಎಂದು ನನಗೆ ಅವಮಾನವಾಯಿತು. ಕೂಡಲೇ ನನ್ನ ಪ್ರಸಿದ್ಧ ಹಾಸ್ಯಪ್ರಜ್ಞೆ ಎಚ್ಚೆತ್ತಿತು.

"ನೋಡ್ರಪ್ಪ, ನಮ್ಮ ಮದುಮಗಳು ಹೆಂಗೆ ಕೂತಾಳೆ" ಎಂದೆ.

ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಕ್ಕಳನ್ನು ನಗಿಸುವುದೇ ಒಳ್ಳೆಯ ಶಿಕ್ಷಕಿಯ ಲಕ್ಷಣವೆಂದು ನಂಬಿದ್ದ ನಾನು ಬೆನ್ನು ತಟ್ಟಿಕೊಂಡೆ.

ಅಂದಿನಿಂದ ಕೊಟ್ರೇಶನ ಹೆಸರು ಮದುಮಗಳು. ಅವನ ಪಕ್ಕ ಕೂತವನ ಹೆಸರು ಮದುಮಗ. ಆ ಪಟ್ಟ ಯಾರಿಗೆ ಬೇಕು? ಎಂಟನೇ ತರಗತಿಯಿಂದ ಜೊತೆಗೇ ಕೂರುತ್ತಿದ್ದ ಇಮ್ರಾನನೂ ಬೆಂಚು ಬದಲಿಸಿದ. ಕೊಟ್ರೇಶ ಕೆಲವು ದಿನ ಒಬ್ಬನೇ ಕೂತ. ಆಮೇಲೆ ಬರುವುದನ್ನೇ ಬಿಟ್ಟ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡೇ ತಿಂಗಳಿತ್ತು.

ಮಂಡಿಪೇಟೆಯಲ್ಲಿ ಅವನಪ್ಪನ ಮೆಣಸಿನಕಾಯಿ ಅಂಗಡಿ. ಹುಡುಕಿಕೊಂಡು ಹೋದೆ. ಅಪ್ಪ ಕೂಡ್ರಿ ಎಂದು ಸ್ಟೂಲು ಹಾಕಿದರು. ಅವನಿಗೆ ಓದು ಬ್ಯಾಡಂತೆ, ಅಂಗಡೀಲೇ ಇರಲಿ ಬಿಡ್ರಿ ಎಂದು ಹೇಳಿ ಗಿರಾಕಿಗಳತ್ತ ಹೋದರು. ಕೊಟ್ರೇಶ ಚೀಲಗಳ ಮೇಲೆ ತಲೆ ತಗ್ಗಿಸಿ ಕೂತಿದ್ದ. ಹುಡುಗರಿಗೆಲ್ಲ ಬುದ್ಧಿ ಕಲಿಸುತ್ತೇನೆ, ಒಬ್ಬೊಬ್ಬರ ಅಪ್ಪಂದಿರನ್ನೂ ಕರೆಸುತ್ತೇನೆ ಎಂದು ನಾನು ಭಾಷಣ ಬಿಗಿದೆ.

"ಅವ್ರಿಗೇನೂ ಅನ್‌ಬ್ಯಾಡ್ರಿ ಮೇಡಂ. ಆ ಹೆಸ್ರು ಇಟ್ಟಿದ್ದು ನೀವು" ಎಂದ. ಆಮೇಲೆ ಅಪ್ಪನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಬರೀ ಸುಳ್ಳಾಗಿದ್ರೆ ನಾನೂ ನಕ್ಕು ಸುಮ್ನಾಗ್ತಿದ್ದೆ. ನಂಗೆ ಹುಡುಗೀರ ಮೇಲೆ ಮನಸ್ಸು ಬರಲ್ರಿ."

ನನ್ನ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿ ಘಾಟು ಎಂದು ಅವನಪ್ಪನಿಗೆ ಹೇಳಿದೆ. ನಿಮಗೆ ಹಾಗೆ ಹೇಳುವುದಿಲ್ಲ, ಅದು ನಾಚಿಕೆ. ಅವನು ಹೇಳಿದ್ದು ನನ್ನಲ್ಲೇ ಇರುತ್ತದೆ ಎಂದು ಮಾತು ಕೊಟ್ಟೆ. ಸೋಮವಾರ ಬಾ, ಅಷ್ಟರೊಳಗೆ ನನ್ನ ಕೆಲಸ ಮುಗಿಸಿರುತ್ತೇನೆ ಎಂದೆ.

ಮರುದಿನ ತರಗತಿಯಲ್ಲಿ, ಆ ಹೆಸರಿಟ್ಟವಳು ನಾನು, ತಪ್ಪು ನನ್ನದು, ಇನ್ನು ಆ ಬೆಂಚಿನ ಶಿಕ್ಷೆಯೂ ಇಲ್ಲ ಎಂದು ಹೇಳಿದೆ. ಯಾರೇ ಆಗಲಿ, ಹುಡುಗ ಹುಡುಗನನ್ನು ಇಷ್ಟಪಟ್ಟರೂ, ಹುಡುಗಿ ಹುಡುಗಿಯನ್ನು ಇಷ್ಟಪಟ್ಟರೂ ಅದು ನಗುವ ವಿಷಯವಲ್ಲ ಎಂದೂ ಸೇರಿಸಿದೆ. ಮೇಡಂಗೆ ಹುಷಾರಿಲ್ಲವೇನೋ ಎನ್ನುವಂತೆ ಮಕ್ಕಳು ಮುಖ ಮುಖ ನೋಡಿಕೊಂಡರು. ತಪ್ಪು ಒಪ್ಪಿಕೊಳ್ಳುವ ಮೇಡಂ ಅವರ ಸಿಲಬಸ್ಸಿನಲ್ಲಿ ಇರಲಿಲ್ಲ.

ಸೋಮವಾರ ಕೊಟ್ರೇಶ ಬಂದ. ಅದೇ ಖಾಲಿ ಬೆಂಚಿನಲ್ಲಿ ಕೂತ. ಇಮ್ರಾನ್ ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಕಚ್ಚುತ್ತಿದ್ದವನು ಬ್ಯಾಗು ಎತ್ತಿಕೊಂಡು ಹೋಗಿ ಅವನ ಪಕ್ಕ ಕೂತ. ಹಿಂದಿನ ಸಾಲಿನಲ್ಲಿ ಯಾರೋ ಬಾಯಲ್ಲೇ ಮದುವೆ ವಾಲಗ ಊದಿದರು. ಆ ಬೆಂಚಿನತ್ತ ಒಬ್ಬರೂ ತಿರುಗಲಿಲ್ಲ. ಇಡೀ ತರಗತಿ ನನ್ನ ಮುಖ ನೋಡಿತು, ಮೇಡಂ ನಗುತ್ತಾರಾ ಎಂದು. ನಾನು ನಗಲಿಲ್ಲ. ವಾಲಗ ಅರ್ಧಕ್ಕೇ ನಿಂತಿತು. ಇಷ್ಟು ಸಲೀಸಾದ ಕೆಲಸ ನೋಡಿ. ಕಲಿಯಲು ನನಗೆ ಇಪ್ಪತ್ತೆರಡು ವರ್ಷದ ಸರ್ವಿಸ್ ಬೇಕಾಯಿತು.