ಎಂಟು ತಾಸಿನ ದಿನ

ಮೊಮ್ಮಗಳ ರಬ್ಬರಿಗೆ ಹಣ್ಣಿನ ವಾಸನೆ. ಈಗ ಅದು ನನ್ನ ಕೈಯಲ್ಲಿದೆ. "ನಿಮ್ಮ ಮನೆಯಲ್ಲಿ ಎಷ್ಟು ಜನ ಇದ್ದೀರಿ?" ಎಂಬ ಪ್ರಶ್ನೆಗೆ ಅವಳು ತನ್ನ ಒಂದನೇ ತರಗತಿಯ ಪುಸ್ತಕದಲ್ಲಿ ಐದು ಎಂದು ಬರೆದಿದ್ದಾಳೆ. ಮಗ, ಸೊಸೆ, ಅವಳು, ನಾನು. ಎಷ್ಟು ಸಲ ಎಣಿಸಿದರೂ ನಾಲ್ಕೇ. ಅಳಿಸಿ ತಿದ್ದಿಸೋಣವೆಂದು ರಬ್ಬರು ಎತ್ತಿಕೊಂಡವಳು ಅದನ್ನು ಮೂಸುತ್ತ ಕೂತುಬಿಟ್ಟೆ.

ನಮಗೆ ರಬ್ಬರು ಎಲ್ಲಿತ್ತು ಹೇಳಿ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾಗಿ ಮೂರು-ನಾಲ್ಕು ವರ್ಷವಾಗಿತ್ತು. ಊರಿಗೆ ಊರೇ ಕಾಗದ ಮಾಡುತ್ತಿತ್ತು, ಆ ಊರಿನ ಮಕ್ಕಳಾದ ನಾವು ಪಾಟಿಯ ಮೇಲೆ ಬರೆದು ಉಗುಳು ಹಚ್ಚಿ ಒರೆಸುತ್ತಿದ್ದೆವು. ಒಂದನೇ ಇಯತ್ತೆಗಿಂತ ಮೊದಲಿನ ವರ್ಗಕ್ಕೆ ಬಿನ್ನೆತ್ತಿ ಎನ್ನುತ್ತಿದ್ದರು. ಅಲ್ಲಿದ್ದ ಮಕ್ಕಳೆಲ್ಲ ಧಾರವಾಡ, ಬೆಳಗಾವಿ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರ ಮಕ್ಕಳು. ಕಲಿಸಲು ಒಬ್ಬರೇ ಅಕ್ಕೋರು. ತೇರಗಾಂವದ ಒಕ್ಕಲುತನದ ಮನೆಯವರು. ಎತ್ತರದ ಆಳು, ಗಟ್ಟಿ ದನಿ, ಹಂಗಾಮಿ ನೌಕರಿ.

ಮೊಮ್ಮಗಳ ಚೀಲದಲ್ಲಿ ವಿಷಯಕ್ಕೊಂದು ಪುಸ್ತಕವಿದೆ. ನಮ್ಮ ಅಕ್ಕೋರಿಗೆ ಎಲ್ಲ ವಿಷಯಕ್ಕೂ ಇದ್ದದ್ದು ಒಂದೇ ಒಂದು ಬಿದಿರು. ಕಾಗದ ಮಾಡಲು ಕಾರ್ಖಾನೆಗೆ ಬಿದಿರು ತರುವ ಲಾರಿಯಿಂದ ಜಾರಿ ಬಿದ್ದದ್ದನ್ನು ಕೇಳಿ ಪಡೆದು ತಾವೇ ಹೆಗಲ ಮೇಲೆ ಹೊತ್ತು ತಂದಿದ್ದರು. ಅದರ ಗೆಣ್ಣು ಎಣಿಸಿದರೆ ಗಣಿತ. ಇದು ಎಲ್ಲಿಂದ ಬಂತು ಎಂದು ಕೇಳಿದರೆ ಜೋಯಿಡಾದ ಕಾಡು, ಕಾಳಿ ನದಿ, ಲಾರಿ ಬರುವ ದಾರಿ ಎಲ್ಲ ಹೇಳಬೇಕು, ಅದು ಭೂಗೋಳ. ಬಡಿದು ಒಳಗೆ ಟೊಳ್ಳೋ ಗಟ್ಟಿಯೋ ಎಂದು ಕಿವಿಗೊಟ್ಟರೆ ವಿಜ್ಞಾನ, ಅದೇ ಬಡಿತಕ್ಕೆ ದನಿ ಸೇರಿಸಿದರೆ ಹಾಡು. ಅಂಗಳದಲ್ಲಿ ನೆಟ್ಟರೆ ಗಡಿಯಾರ. ಪಾಳಿ ಬದಲಾಗುವಾಗ ಕಾರ್ಖಾನೆಯ ಭೋಂಗಾ ಕೂಗಿದ ಕೂಡಲೇ ಓಡಿಹೋಗಿ ಬಿದಿರಿನ ನೆರಳ ತುದಿಗೆ ಕಲ್ಲಿಡುವುದು ನನ್ನ ಕೆಲಸ. ಬೇರೆ ಯಾರಾದರೂ ಇಟ್ಟರೆ ಮನೆಗೆ ಹೋಗಿ ಊಟ ಬಿಡುತ್ತಿದ್ದೆ, ಅಷ್ಟು ಜಂಬ ನನಗೆ.

ವರ್ಷದ ಕೊನೆಗೆ ಹಳಿಯಾಳದಿಂದ ಸಾಹೇಬರು ತಪಾಸಣೆಗೆ ಬರುತ್ತಾರೆಂದು ಸುದ್ದಿಯಾಯಿತು. ಅವರು ಒಳ್ಳೆಯದು ಬರೆದರೆ ಅಕ್ಕೋರು ಉಳಿಯುತ್ತಾರೆ, ಇಲ್ಲದಿದ್ದರೆ ಆ ನೌಕರಿ ಅಲ್ಲಿಗೇ ಮುಗಿಯಿತು. ಅವ್ವ ನನಗೆ ಜಡೆ ಹಾಕುತ್ತ ಹೇಳಿದಳು: "ನಿನ್ನ ಬಾಯಿ ನನಗ ಗೊತ್ತೈತಿ. ಕೇಳಿದ್ದಕ್ಕಷ್ಟ ಉತ್ತರಾ ಕೊಡು. ಅಕ್ಕೋರ ಅನ್ನಕ್ಕ ಕಲ್ಲ ಹಾಕಬ್ಯಾಡ."

ಸಾಹೇಬರು ಬಂದರು, ಕುರ್ಚಿಯಲ್ಲಿ ಕೂತರು, ಕೇಳಿದರು: "ಒಂದ ದಿನಕ್ಕ ಎಷ್ಟ ತಾಸು?"

ಎಲ್ಲರಿಗಿಂತ ಮೊದಲು ಎದ್ದು ನಿಂತವಳು ನಾನೇ. "ಎಂಟ ತಾಸ್ರೀ."

ಅವರು ಪೆನ್ನು ತೆಗೆದರು. ಅಕ್ಕೋರ ಮುಖ ನೋಡಿದೆ, ಅಲ್ಲಿ ರಕ್ತವೇ ಇರಲಿಲ್ಲ. ನಾನು ಏನೋ ಕೆಡಿಸಿಬಿಟ್ಟೆ ಎಂದು ಗೊತ್ತಾಯಿತು, ಏನೆಂದು ಮಾತ್ರ ತಿಳಿಯಲಿಲ್ಲ. ಅವತ್ತು ಹೆದರಿದಷ್ಟು ನಾನು ಮುಂದೆ ಯಾವತ್ತೂ ಹೆದರಿಲ್ಲ.

"ಸಾಹೇಬ್ರ," ಅಕ್ಕೋರು ಎರಡು ಹೆಜ್ಜೆ ಮುಂದೆ ಬಂದರು. "ಬರಿಯೂದಕ್ಕಿಂತ ಮೊದಲ, ಹೆಂಗ ಅಂತ ಒಂದ ಮಾತು ಕೇಳ್ರಿ ಆಕೀನ್ನ."

ಹಂಗಾಮಿ ನೌಕರಿಯವರು ಸಾಹೇಬರ ಪೆನ್ನು ತಡೆಯುವುದು ಎಂದರೇನು ಎಂಬುದು ನನಗೆ ದೊಡ್ಡವಳಾದ ಮೇಲೆ ಅರ್ಥವಾಯಿತು. ಸಾಹೇಬರು ನನ್ನ ಕಡೆ ತಿರುಗಿದರು. "ಹೆಂಗ?"

"ನಮ್ಮಪ್ಪನ ದಿನ ಎಂಟ ತಾಸ್ರಿ. ಭೋಂಗಾ ಆತಂದ್ರ ಬಾಜೂ ಮನಿ ಕಾಕಾನ ದಿನ ಚಾಲೂ ಆಕ್ಕೈತಿ, ಅವಂದೂ ಎಂಟ. ಆಮ್ಯಾಲೆ ಎದರ ಮನಿ ಮಾಮಾಂದು. ಎಂಟ ಮೂರ್ಲೆ ಇಪ್ಪತ್ನಾಕ. ಅಷ್ಟೊತ್ತಿಗೆ ತಿರುಗಿ ನಮ್ಮಪ್ಪಂದು ಬರ್ತೈತ್ರಿ."

"ಬಿನ್ನೆತ್ತಿಗೆ ಎಂಟರ ಮಗ್ಗಿ ಯಾರ ಕಲಿಸಿದ್ರು?"

"ಬಿದಿರಿನ ಗೆಣ್ಣ ಎಣಿಸೇನ್ರಿ."

ಸಾಹೇಬರು ಪೆನ್ನಿಗೆ ಟೋಪಿ ಹಾಕಿ ಅಂಗಳಕ್ಕೆ ನಡೆದರು. ಬಿದಿರನ್ನೂ ಅದರ ಸುತ್ತ ಇಟ್ಟ ಕಲ್ಲುಗಳನ್ನೂ ಬಹಳ ಹೊತ್ತು ನೋಡಿದರು. ಏನು ಬರೆದರೋ ಗೊತ್ತಿಲ್ಲ, ನಾನು ನಾಲ್ಕನೇ ಇಯತ್ತೆ ಮುಗಿಸುವವರೆಗೂ ಅಕ್ಕೋರು ಅಲ್ಲೇ ಇದ್ದರು. ಅವತ್ತು ಸಾಹೇಬರು ಹೋದ ಮೇಲೆ ನನ್ನ ಕಿವಿ ಹಿಡಿದು ಹೇಳಿದರು: "ದಿನಕ್ಕ ಇಪ್ಪತ್ನಾಕ ತಾಸು. ನಾಳಿ ಹತ್ತ ಸಲ ಬರಕೊಂಡ ಬಾ." ಹಿಡಿದ ಕೈ ಮೆತ್ತಗಿತ್ತು.

ಮುಂದೆ ನಾನೂ ಅಕ್ಕೋರಾದೆ, ಮೂವತ್ತು ವರ್ಷ ಕೆಂಪು ಪೆನ್ನು ಹಿಡಿದೆ. ಎಷ್ಟು ತಪ್ಪುಗಳಿಗೆ ಹೇಗೆ ಎಂದು ಕೇಳಿದೆನೋ, ಎಷ್ಟಕ್ಕೆ ಗಡಿಬಿಡಿಯಲ್ಲಿ ಗೀಟು ಎಳೆದು ಪುಟ ತಿರುವಿದೆನೋ, ನಿಮ್ಮ ಮುಂದೆ ಯಾಕೆ ಸುಳ್ಳು ಹೇಳಲಿ. ಗೀಟುಗಳೇ ಹೆಚ್ಚಿದ್ದಾವು.

ರಬ್ಬರು ಕೆಳಗಿಟ್ಟೆ. "ಐದು ಹೆಂಗ ಆತು, ಹೇಳು ನೋಡೂಣು."

ಮೊಮ್ಮಗಳು ಬೆರಳು ಮಡಚಿದಳು. "ಪಪ್ಪಾ, ಮಮ್ಮಿ, ನಾನು, ನೀನು." ಐದನೆಯ ಬೆರಳು ಹಿಡಿದುಕೊಂಡು ಅಡಿಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು. "ಮಮ್ಮಿ ಹೊಟ್ಟ್ಯಾಗ ಒಂದು ಐತಿ. ನಿನಗ ಇನ್ನೂ ಹೇಳಿಲ್ಲಂತ."

ರಬ್ಬರನ್ನು ಡಬ್ಬಿಯೊಳಗೆ ಹಾಕಿ ಮುಚ್ಚಿದೆ.

"ಬರೋಬ್ಬರಿ ಐತವಾ," ಅಂದೆ. "ಐದು."