ಗೋದಮ್ಮನ ಜ್ವರ, ಬೈರಪ್ಪನವರ ಎಲೆಕ್ಷನ್

ಕಾರ್ಪೊರೇಟರ್ ದೊಡ್ಡಬೈರಪ್ಪನವರನ್ನು ಚಾಮರಾಜಪೇಟೆಯಲ್ಲಿ ಇಷ್ಟಪಡದವರೇ ಇರಲಿಲ್ಲ. ಆದರೆ ಬೆಳಗಾಗೆದ್ದು ಬಾಗಿಲು ತೆಗೆದಾಗ ಅವರು ಗೇಟಿನ ಹತ್ತಿರ ನಿಂತಿರುವುದು ಮಾತ್ರ ಯಾರಿಗೂ ಬೇಕಿರಲಿಲ್ಲ. ಅವರು ಬಂದರೆಂದರೆ ಆ ಬೀದಿಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದೇ ಲೆಕ್ಕ.

ಇದಕ್ಕೆಲ್ಲ ಮೂಲ ಅವರ ಶಾಮಿಯಾನ ಅಂಗಡಿ. ಮಾಗಡಿ ಕಡೆಯಿಂದ ಬಂದ ಅವರಪ್ಪ ಐದನೇ ಮೇನಿನಲ್ಲಿ ಹಾಕಿದ್ದ ಅಂಗಡಿ ಅದು. ಮದುವೆಗೆ ಹೋಗುವ ಕುರ್ಚಿಗಳೇ ಸಾವಿನ ಮನೆಗೂ ಹೋಗುತ್ತಿದ್ದವು. ಮದುವೆ ಮನೆಯಲ್ಲಿ ಓಡಾಡುವುದಕ್ಕೆ ಬೇಕಾದಷ್ಟು ಜನ ಇರುತ್ತಾರೆ, ಸಾವಿನ ಮನೆಯಲ್ಲಿ ಎಲ್ಲರೂ ತಲೆ ಮೇಲೆ ಕೈಹೊತ್ತು ಕೂತಿರುತ್ತಾರೆ ಎನ್ನುವುದನ್ನು ಬೈರಪ್ಪ ಚಿಕ್ಕ ವಯಸ್ಸಿನಲ್ಲೇ ನೋಡಿಕೊಂಡಿದ್ದರು. ಕುರ್ಚಿ ಇಳಿಸಲು ಹೋದವರು ಡಾಕ್ಟರನ್ನು ಕರೆತಂದು ಸರ್ಟಿಫಿಕೇಟ್ ಬರೆಸುವುದು, ವ್ಯಾನಿಗೆ ಫೋನ್ ಮಾಡುವುದು, ಟಿ.ಆರ್. ಮಿಲ್ ಸ್ಮಶಾನಕ್ಕೆ ಮುಂದಾಗಿ ಹೋಗಿ ಹೇಳಿಬರುವುದು ಎಲ್ಲ ಮಾಡತೊಡಗಿದರು. ತೊಂಬತ್ತೊಂದರ ಕಾವೇರಿ ಗಲಾಟೆಯಲ್ಲಿ ಕರ್ಫ್ಯೂ ಹಾಕಿದ್ದಾಗ ಮೂರನೇ ಕ್ರಾಸಿನ ಬದರೀನಾರಾಯಣ ಎಂಬ ಬ್ಯಾಂಕ್ ಗುಮಾಸ್ತರ ತಂದೆ ಹೋಗಿಬಿಟ್ಟರು. ನೆಂಟರು ಒಬ್ಬರೂ ಬರುವ ಹಾಗಿರಲಿಲ್ಲ. ಬೈರಪ್ಪ ಪೊಲೀಸರ ಕೈಕಾಲು ಹಿಡಿದು ವ್ಯಾನ್ ತಂದರು, ಚಟ್ಟಕ್ಕೆ ಒಂದು ಕಡೆ ಹೆಗಲನ್ನೂ ಕೊಟ್ಟರು. ಅಯ್ಯಂಗಾರರ ಮನೆಯ ಹೆಣಕ್ಕೆ ಗೌಡರ ಹೆಗಲು ಎಂದು ಆ ದಿನ ಯಾರೂ ತಕರಾರು ಎತ್ತಲಿಲ್ಲ.

ತೊಂಬತ್ತಾರರಲ್ಲಿ ಕಾರ್ಪೊರೇಷನ್ ಎಲೆಕ್ಷನ್ ಬಂದಾಗ ಒಂದು ಪಾರ್ಟಿಯವರು ಹುಡುಕಿಕೊಂಡು ಬಂದು ಟಿಕೆಟ್ ಕೊಟ್ಟರು. ಆ ಸಲ ಅವರು ಪ್ರಚಾರಕ್ಕೇ ಹೋಗಲಿಲ್ಲ ಎಂದರೂ ನಡೆಯುತ್ತದೆ. ಜನರೇ ಅಂಗಡಿಗೆ ಬಂದು, "ನೀವು ಸುಮ್ನೆ ಕೂತಿರಿ ಬೈರಪ್ನೋರೇ, ನಾವು ನೋಡ್ಕೋತೀವಿ" ಎಂದು ಹೇಳಿ ಹೋದರು. ಸುಲಭವಾಗಿ ಗೆದ್ದರು.

ಗೆದ್ದ ಮೇಲೆ ಮೋರಿ ಕಟ್ಟಿಸಿದರು, ಬೀದಿ ದೀಪ ಹಾಕಿಸಿದರು, ಕಸದ ಲಾರಿಯವನ ಜೊತೆ ದಿನಾ ಜಗಳವಾಡಿದರು. ಸಾವಿನ ಮನೆಗೆ ಹೋಗುವುದನ್ನಂತೂ ಬಿಡಲಿಲ್ಲ. ಸಾವಿನ ಮನೆಯಿಂದ ಹೊರಡುವಾಗ 'ಹೋಗಿ ಬರ್ತೀನಿ' ಎನ್ನಬಾರದು ಎಂಬುದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಅಲ್ಲಿಗೆ ಮತ್ತೆ ಬರುವ ಸಂದರ್ಭ ಬರದಿರಲಿ ಎಂದು ಸುಮ್ಮನೆ ಎದ್ದು ನಡೆದುಬಿಡಬೇಕು. ಬೈರಪ್ಪ ಹಾಗೇ ಮಾಡುತ್ತಿದ್ದರು. ಎರಡು ದಿನಕ್ಕೊಮ್ಮೆ, ಮೂರು ದಿನಕ್ಕೊಮ್ಮೆ, ಐದು ವರ್ಷ.

ಎರಡು ಸಾವಿರದ ಒಂದರಲ್ಲಿ ಮತ್ತೆ ಎಲೆಕ್ಷನ್ ಬಂತು. ಈ ಸಲ ಎದುರಿಗೆ ನಿಂತವನು ವಸಿಷ್ಠ, ಕೇಬಲ್ ಟಿವಿ ಹುಡುಗ. ಇಡೀ ವಾರ್ಡಿನ ಮನೆಮನೆಗೂ ಅವನದೇ ಕನೆಕ್ಷನ್, ಸೀರಿಯಲ್ ನಡೆಯುವಾಗ ಕೆಳಗಡೆ ಅವನದೇ ಹೆಸರು ಓಡುತ್ತಿತ್ತು. ಬೈರಪ್ಪನವರ ಪಾರ್ಟಿಯವರು ಖಡಾಖಂಡಿತವಾಗಿ ಹೇಳಿದರು: "ಈ ಸಲ ಮನೆಮನೆಗೆ ಹೋಗ್ಲೇಬೇಕು. ಸೋತ್ರೆ ಮುಂದಿನ ಸಲ ಟಿಕೆಟ್ ಮರ್ತುಬಿಡಿ."

ಹೊರಟರು. ಹೆಂಡತಿ ತಿಮ್ಮಕ್ಕ, ಕಾಲೇಜಿನಲ್ಲಿ ಓದುತ್ತಿದ್ದ ಮಗಳು ನಂದಿತಾ, ಹಿಂದೆ ಪಾರ್ಟಿಯ ನಾಲ್ಕು ಜನ. ಮೊದಲು ಹೋದದ್ದು ಬದರೀನಾರಾಯಣರ ಮನೆಗೇ. ಅವರ ತಾಯಿ ಗೋದಮ್ಮ, ಎಂಬತ್ತು ದಾಟಿದವರು, ಜಗಲಿಯಲ್ಲಿ ಹೂ ಕಟ್ಟುತ್ತಿದ್ದರು. ತಲೆ ಎತ್ತಿ ನೋಡಿದರು.

"ಏನೋ ಬೈರಪ್ಪ, ನಾನಿನ್ನೂ ಇದೀನಿ ಕಣೋ."

"ಅಯ್ಯೋ, ಓಟು ಕೇಳೋಕೆ ಬಂದೆ ಅಮ್ಮ."

"ಹಾಗಾದ್ರೆ ಸರಿ."

ಕಾಫಿ ಕುಡಿದರು, ಪಾಂಪ್ಲೆಟ್ ಕೊಟ್ಟರು, ಕೈ ಮುಗಿದರು, ಎದ್ದರು, ತುಟಿ ಬಿಚ್ಚದೆ ನಡೆದರು. ಬದರೀನಾರಾಯಣರ ಹೆಂಡತಿ ಅಕ್ಷಯಾ ಗೇಟಿನವರೆಗೂ ಬಂದವಳು ಹಾಗೇ ನಿಂತುಬಿಟ್ಟಳು. ಅದರ ಪಕ್ಕದ ಮನೆಯಲ್ಲೂ ಹಾಗೇ ಆಯಿತು, ಎದುರು ಮನೆಯಲ್ಲೂ. ಸಂಜೆಯ ಹೊತ್ತಿಗೆ ಇಡೀ ಮೂರನೇ ಕ್ರಾಸಿನಲ್ಲಿ ಒಂದೇ ಮಾತು: ಬೈರಪ್ಪ ಬಂದರು, ಹೋಗಿ ಬರ್ತೀನಿ ಅನ್ನದೇ ಎದ್ದುಹೋದರು.

ಮಾರನೇ ದಿನ ಗೋದಮ್ಮನಿಗೆ ಜ್ವರ ಬಂತು.

ವಸಿಷ್ಠನ ಹುಡುಗರಿಗೆ ಇನ್ನೇನು ಬೇಕು. ಹೋಟೆಲಿನ ಮುಂದೆ ನಿಂತು ಮೆತ್ತಗೆ ಮಾತಾಡಿದರು: "ಬೈರಪ್ಪಣ್ಣ ಬಂಗಾರದಂಥ ಮನುಷ್ಯ ಗುರು, ಇಲ್ಲ ಅನ್ನಲ್ಲ. ಆದ್ರೆ ಕಾರ್ಪೊರೇಟರ್ ಬೇಕಾಗಿರೋದು ಬದುಕಿರೋರ್ಗೆ ಅಲ್ವಾ?" ಮೂರನೇ ದಿನ ಪ್ರಚಾರಕ್ಕೆ ಹೋದರೆ ನಾಲ್ಕನೇ ಕ್ರಾಸಿನಲ್ಲಿ ಒಂದೊಂದೇ ಬಾಗಿಲು ಮುಚ್ಚಿಕೊಂಡಿತು. ಒಳಗಡೆ ಟಿವಿ ಸದ್ದು ಕೇಳುತ್ತಿದ್ದ ಮನೆಗಳಲ್ಲೂ ಯಾರೂ ಇರಲಿಲ್ಲ.

"ನಾನೇನ್ ಮಾಡಿದೆ?" ಎಂದರು ಬೈರಪ್ಪ, ಮನೆಗೆ ಬಂದು ಚಪ್ಪಲಿ ಬಿಡುತ್ತಾ.

"ಅಪ್ಪ, ನೀವು ಯಾರ ಮನೇಲೂ ಹೋಗ್ಬರ್ತೀನಿ ಅಂತಾನೇ ಹೇಳ್ಲಿಲ್ಲ" ಎಂದಳು ನಂದಿತಾ. "ನಾನು ನೋಡ್ತಾನೇ ಇದ್ದೆ. ಒಂದೇ ಒಂದು ಮನೇಲೂ ಹೇಳ್ಲಿಲ್ಲ."

"ಹೇಳಿರ್ತೀನಿ ಬಿಡೇ."

ತಿಮ್ಮಕ್ಕ ಒಲೆಯ ಮುಂದಿನಿಂದ ತಿರುಗಲಿಲ್ಲ. "ನಮ್ಮನೇಲೇ ಹೇಳ್ದೆ ಮೂರು ವರ್ಷ ಆಯ್ತು" ಎಂದಳು.

ಬೈರಪ್ಪ ಗೋಡೆಗೊರಗಿ ಕೂತರು. "ಹೇಳೋದಲ್ವೇನೇ ನೀನು?"

"ಹೇಳಿ ಅಂತ ಹೇಳಿಸ್ಕೊಳ್ಳೋ ಮಾತೇನ್ರೀ ಅದು?"

ಬೈರಪ್ಪನವರಿಗೆ ಓಟಿನ ವಿಚಾರ ಒಂದು ಗಳಿಗೆ ಮರೆತೇಹೋಯಿತು.

ಗೋದಮ್ಮನ ಜ್ವರ ಇಳಿಯಲಿಲ್ಲ. ಪಾರ್ಟಿ ಆಫೀಸಿನಲ್ಲಿ ಅವರ ಟೆಂಪರೇಚರ್ ಓಟಿನ ಸುದ್ದಿಗಿಂತ ಮುಂಚೆ ಚರ್ಚೆಯಾಗತೊಡಗಿತು. ಪಾರ್ಟಿಯ ಹಿರಿಯರಾದ ಏಕಾಂತಯ್ಯ ಗಂಭೀರವಾಗಿ ಹೇಳಿದರು: "ಭಾನುವಾರ ಪೋಲಿಂಗ್. ಆಯಮ್ಮ ಅಲ್ಲಿವರೆಗೂ ಇದ್ರೆ ನಾವು ಇರ್ತೀವಿ. ನೀವು ಮಾತ್ರ ಆ ಕಡೆ ತಲೆ ಹಾಕ್ಬೇಡಿ."

ಯಾರ ಮನೆಯಲ್ಲಿ ಏನಾದರೂ ಮೊದಲು ಓಡುತ್ತಿದ್ದ ಮನುಷ್ಯ ಎರಡು ದಿನ ಆ ಬೀದಿಯನ್ನೇ ತಪ್ಪಿಸಿಕೊಂಡು ಓಡಾಡಿದರು. ಗುರುವಾರ ತಡೆಯಲಾಗದೆ ಹೋದರು. ಬದರೀನಾರಾಯಣ ಗೇಟಿನಲ್ಲೇ ನಿಂತರು. ಕೈ ಮುಗಿದೇ ನಿಂತಿದ್ದರು, ಆದರೆ ಗೇಟು ತೆಗೆಯಲಿಲ್ಲ.

"ತಪ್ಪು ತಿಳ್ಕೋಬೇಡಿ ಬೈರಪ್ನೋರೇ. ನಮ್ಮಪ್ಪನಿಗೆ ನೀವು ಮಾಡಿದ್ದನ್ನ ನಾನು ಮರೆಯೋನಲ್ಲ. ಆದ್ರೆ ಮನೇಲಿ ಹೆಂಗಸ್ರು..."

"ಯಾವ ಹೆಂಗಸ್ರೋ ಬದರಿ?" ಒಳಗಿನಿಂದ ಸಣ್ಣ ದನಿ ಬಂತು. "ಮಲಗಿರೋಳು ನಾನು. ಬಿಡು ಅವನನ್ನ."

ಗೋದಮ್ಮ ಕಂಬಳಿ ಹೊದ್ದು ಮಲಗಿದ್ದರು. ಬೈರಪ್ಪ ನೆಲದ ಮೇಲೆ ಕೂತರು.

"ಎಲ್ಲ ನೀನೇ ಜ್ವರ ತಂದೆ ಅಂತಾರೆ" ಎಂದರು ಗೋದಮ್ಮ. "ನಾನು ಹಿಂದಿನ ದಿನ ಯಾರಿಗೂ ಹೇಳ್ದೆ ತಣ್ಣೀರಲ್ಲಿ ತಲೆಗೆ ಹುಯ್ಕೊಂಡಿದ್ದೆ. ಏಕಾದಶಿ ಅಂತ. ಸೊಸೆಗೆ ಗೊತ್ತಾದ್ರೆ ಬೈತಾಳೆ."

"ಅದನ್ನ ನಾಲ್ಕು ಜನಕ್ಕೆ ಹೇಳ್ಬಹುದಿತ್ತಲ್ಲಮ್ಮ."

"ಹೇಳಿದ್ರೆ ನಂಬ್ತಾರೇನೋ? ನೋಡಿದ್ರೆ ನಂಬ್ತಾರೆ." ಕೆಮ್ಮಿದರು. "ನೀನೂ ಅಷ್ಟೇ. ಸುಮ್ನೆ ಎದ್ದುಹೋದ್ರೆ ಯಾರಿಗೆ ತಾನೇ ಅನ್ಸಲ್ಲ? ಈಗ ಸರಿಯಾಗಿ ಹೇಳಿ ಹೋಗು."

ಬೈರಪ್ಪ ಎದ್ದು ನಿಂತರು. ಬಾಯಿಗೆ ಆ ಮಾತು ಬರಲು ನಿಜವಾಗಿಯೂ ಸ್ವಲ್ಪ ಹೊತ್ತು ಹಿಡಿಯಿತು. "ಹೋಗ್ಬರ್ತೀನಮ್ಮ."

"ಹೂಂ. ಹೋಗ್ಬಾ."

ಭಾನುವಾರ ಬೂತಿನಿಂದ ದೂರದಲ್ಲಿ, ಪಾರ್ಟಿಯವರ ಟೇಬಲ್ ಹಾಕುವ ಗೆರೆಯಾಚೆ ಬೈರಪ್ಪ ನಿಂತಿದ್ದರು. ಮೂರನೇ ಕ್ರಾಸಿನವರು ಬಂದು ಕ್ಯೂನಲ್ಲಿ ನಿಂತರು, ಒಬ್ಬರೂ ಅವರ ಕಡೆ ತಿರುಗಲಿಲ್ಲ. ಅಷ್ಟರಲ್ಲಿ ಒಂದು ಆಟೊ ಬಂತು. ಮಗನ ಕೈ ಒಂದು ಕಡೆ, ಸೊಸೆ ಅಕ್ಷಯಾಳ ಕೈ ಒಂದು ಕಡೆ ಹಿಡಿದು ಗೋದಮ್ಮ ಇಳಿದರು. ಕಿವಿಗೆ ಮಫ್ಲರ್ ಸುತ್ತಿದ್ದರು. ವಯಸ್ಸಾದವರು ನೇರ ಒಳಗೆ ಹೋಗಬಹುದು ಎಂದು ಪೊಲೀಸಿನವನು ಹೇಳಿದರೂ ಕೇಳದೆ ಕ್ಯೂನಲ್ಲೇ ನಿಂತರು. ಯಾರೂ ಕೇಳದಿದ್ದರೂ ಮುಂದಿನವರಿಗೂ ಹಿಂದಿನವರಿಗೂ ಹೇಳುತ್ತಾ ಹೋದರು: "ಚೆನ್ನಾಗಿದೀನಮ್ಮ. ನೆನ್ನೆ ಎರಡು ಇಡ್ಲಿ ತಿಂದೆ. ತಣ್ಣೀರು ಹುಯ್ಕೊಂಡಿದ್ದೆ ಕಣೇ, ನನ್ನದೇ ತಪ್ಪು." ಅಕ್ಷಯಾ ಅತ್ತೆಯ ಮುಖವನ್ನೇ ದುರುಗುಟ್ಟಿ ನೋಡಿದಳು.

ವಸಿಷ್ಠನ ಏಜೆಂಟು ಒಳಗೆ ಓಡಿದ. "ಸಾರ್, ಆ ಅಜ್ಜಿ ಬೂತಲ್ಲೇ ಕ್ಯಾನ್ವಾಸ್ ಮಾಡ್ತಿದಾರೆ."

ಚುನಾವಣಾ ಅಧಿಕಾರಿ ಹೊರಗೆ ಬಂದು ನಿಂತು ಕೇಳಿದರು. "ಏನ್ರೀ, ಚೆನ್ನಾಗಿದೀನಿ ಅಂತಿದಾರೆ ಅಷ್ಟೇ. ಅದು ಪ್ರಚಾರ ಹೇಗಾಗತ್ತೆ?"

"ಸಾರ್, ನಿಮ್ಗೆ ಗೊತ್ತಾಗಲ್ಲ ಸಾರ್. ಇಲ್ಲಿ ಅದೇ ಪ್ರಚಾರ."

"ಹೋಗ್ರೀ, ಕೂತ್ಕೊಳ್ಳಿ."

ಎಣಿಕೆಯಲ್ಲಿ ಬೈರಪ್ಪ ಕಡೆಯವರೆಗೂ ಹಿಂದಿದ್ದರು. ಮೂರನೇ ಕ್ರಾಸಿನ ಬೂತು ಎಣಿಸಿದ ಮೇಲೆ ಸ್ವಲ್ಪವಷ್ಟೇ ಮುಂದೆ ಬಂದರು, ಅಲ್ಲೇ ನಿಂತರು. ಮೆರವಣಿಗೆ ಮುಗಿಸಿ, ಹಾರ ತೆಗೆದಿಟ್ಟು, ಸ್ವೀಟ್ ಬಾಕ್ಸ್ ಹಿಡಿದು ಬದರೀನಾರಾಯಣರ ಮನೆಗೆ ಹೋದರು. ಗೇಟು ತೆರೆದೇ ಇತ್ತು.

"ಎಷ್ಟು ಓಟಲ್ಲಿ ಗೆದ್ದೆ?" ಎಂದು ಕೇಳಿದರು ಗೋದಮ್ಮ.

"ನೂರು ಚಿಲ್ಲರೆ ಅಮ್ಮ."

"ಅಷ್ಟೇನಾ? ಅಷ್ಟು ಹೊತ್ತು ನಿಂತಿದ್ದಕ್ಕೆ ನನ್ನ ಮೊಣಕಾಲು ಇನ್ನೂ ನೋಯ್ತಿದೆ." ಬಾಕ್ಸ್ ತೆಗೆದು ಒಂದು ತುಂಡು ಮೈಸೂರ್ ಪಾಕ್ ಬಾಯಿಗಿಟ್ಟುಕೊಂಡರು. "ಸರಿ, ಕೇಳು. ಹಿತ್ತಲ ಕಡೆ ಮೋರಿ ಕಟ್ಕೊಂಡಿದೆ, ಒಂದೇ ವಾಸನೆ. ಬದರಿ ಫೋನ್ ಮಾಡಿ ಮಾಡಿ ಸಾಕಾದ. ನಾಳೆ ಬೆಳಗ್ಗೆ ಎದ್ದೋನೇ ಮೊದಲು ಇಲ್ಲಿಗೇ ಬಂದ್ಬಿಡು."

"ಬೆಳಗ್ಗೇನೇ ಬರ್ಲಾಮ್ಮ?"

"ಮತ್ತೆ ಮಧ್ಯಾಹ್ನ ನಾನು ಮಲಗ್ತೀನಲ್ಲೋ."